ಹಸಿ ಗಾರೆಯ ಮೇಲಿನ ದೇವರು

(ಶಿರಸಿಯಲ್ಲಿ ಕಲಾಸಕ್ತರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ವ್ಯಾಟಿಕನ್ ಮ್ಯೂಸಿಯಂ ನೋಡಿ ಬಂದಿದ್ದೀರಂತೆ, ಅದರ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದಿರಿ. ಪ್ರವಾಸದ ಕಥೆ ಶುರು ಮಾಡಿದರೆ ವಿಮಾನ, ಹೋಟೆಲ್, ಊಟ ಅಂತ ಅಷ್ಟಕ್ಕೇ ಸಂಜೆ ಕಳೆದುಹೋಗುತ್ತದೆ. ಅದನ್ನೆಲ್ಲ ಬಿಟ್ಟುಬಿಡುತ್ತೇನೆ. ನನಗೆ ಹೇಳಬೇಕಾಗಿರುವುದು ಒಂದೇ ವಿಷಯ. ದೇವರ ಚಿತ್ರದ ಎದುರು ನಿಂತಾಗ ಕೈ ಮುಗಿಯೋಣ. ಜೊತೆಗೇ ಇದನ್ನು ಯಾರು ಮಾಡಿದರು, ಯಾವ ಸಾಮಾನಿನಿಂದ ಮಾಡಿದರು, ಹೇಗೆ ಮಾಡಿದರು ಅಂತಲೂ ಕೇಳೋಣ. ಒಳ್ಳೆಯ ಗೈಡ್ ಜೊತೆಗಿದ್ದರೆ ಆ ಪ್ರಶ್ನೆ ತಾನಾಗೇ ಬರುತ್ತದೆ. ರೋಮ್‌ನಲ್ಲಿ ನನಗೆ ಹಾಗೆ ಬಂದ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಮಾರಿಕಾಂಬೆ ಗುಡಿಯ ಗೋಡೆಯಲ್ಲೇ ಇತ್ತು. ಅದಕ್ಕೇ ಈ ಮಾತನ್ನು ಶಿರಸಿಯಲ್ಲೇ ಆಡಬೇಕು ಅನ್ನಿಸಿತು.

ಮೊದಲು ಜಾಗದ ಬಗ್ಗೆ ಸ್ವಲ್ಪ. ವ್ಯಾಟಿಕನ್ ಅಂದರೆ ರೋಮ್ ನಗರದ ಒಳಗೇ ಇರುವ ಒಂದು ಸ್ವತಂತ್ರ ದೇಶ. 1929ರ ಒಪ್ಪಂದದಿಂದ ಆದದ್ದು. ವಿಸ್ತಾರ ಸುಮಾರು 44 ಹೆಕ್ಟೇರ್. ನಮ್ಮ ಅಡಿಕೆ ತೋಟದ ಲೆಕ್ಕದಲ್ಲಿ ಹೇಳಿದರೆ ನೂರೆಂಟು ನೂರೊಂಬತ್ತು ಎಕರೆ. ಅಷ್ಟರೊಳಗೇ ಜಗತ್ತಿನ ಅತಿ ದೊಡ್ಡ ಚರ್ಚು, ಪೋಪ್ ಅವರ ಅರಮನೆ, ತೋಟ, ಮ್ಯೂಸಿಯಂ ಎಲ್ಲ ಇವೆ. ಮ್ಯೂಸಿಯಂನ ಸಾಲುಸಾಲು ಕೋಣೆಗಳನ್ನೆಲ್ಲ ನಡೆದರೆ ಏಳು ಕಿಲೋಮೀಟರ್ ಆಗುತ್ತದೆ ಅನ್ನುತ್ತಾರೆ. ವರ್ಷಕ್ಕೆ 60 ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ಮಾರಿ ಜಾತ್ರೆಯಲ್ಲಿ ಬಿಡಕಿಬೈಲಿಗೆ ಹೋಗುವ ದಾರಿಯ ನೂಕುನುಗ್ಗಲು ನಿಮಗೆಲ್ಲ ಗೊತ್ತಲ್ಲ, ಅಲ್ಲಿ ದಿನಾ ಅದೇ ಕಥೆ.

ಅದಕ್ಕೇ ಗೈಡ್ ಬೇಕು. ಏಳು ಕಿಲೋಮೀಟರ್ ಕಲೆಯನ್ನು ಒಂದು ಬೆಳಗ್ಗೆ ಯಾರಿಂದಲೂ ನೋಡಲಾಗದು. ಗೈಡ್ ಜಾಸ್ತಿ ತೋರಿಸುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ನಮಗೆ ಸಿಕ್ಕಿದ ಹೆಣ್ಣುಮಗಳು ಮಾಡಿದ್ದು ಅದರ ಉಲ್ಟಾ. ಕೋಣೆಗಳನ್ನೇ ದಾಟಿಸಿಕೊಂಡು ಹೋದರು. ಚಿನ್ನದ ಚಾವಣಿ, ಅಮೃತಶಿಲೆಯ ನೂರಾರು ತಲೆಗಳು, ಗೋಡೆಗೆ ತೂಗುಬಿಟ್ಟ ದೊಡ್ಡ ದೊಡ್ಡ ನೇಯ್ಗೆಗಳು ಎಲ್ಲ ಪಕ್ಕದಲ್ಲಿ ಸರಿದುಹೋದವು. ಆಮೇಲೆ ಒಂದು ಕಡೆ ನಿಲ್ಲಿಸಿ ಸಮಾಧಾನವಾಗಿ ವಿವರಿಸಿದರು. ಯಾವುದನ್ನು ಬಿಡಬೇಕು ಅಂತ ಗೊತ್ತಿರುವವರೇ ಒಳ್ಳೆಯ ಗೈಡ್ ಅಂತ ನನಗೆ ಅಲ್ಲಿ ಅನ್ನಿಸಿತು.

ಹೋಗುವವರಿಗೆ ಒಂದೆರಡು ಮಾತು. ಟಿಕೆಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಸಿಲಿನಲ್ಲಿ ಗೋಡೆಗುಂಟ ನಿಲ್ಲಬೇಕು. ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದು, ಪುಕ್ಕಟೆ ಬಿಡುತ್ತಾರೆ. ಆದರೆ ಆ ದಿನದ ರಶ್ ಬೇಡವೇ ಬೇಡ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಸೀರೆ, ಚೂಡಿದಾರ, ಪಂಚೆಯವರಿಗೆ ತೊಂದರೆಯಿಲ್ಲ. ಗುಂಪಿನಲ್ಲಿ ಹೋದರೆ ಕಿವಿಗೊಂದು ಪುಟ್ಟ ಯಂತ್ರ ಕೊಡುತ್ತಾರೆ. ಗೈಡ್ ಮೈಕಿನಲ್ಲಿ ಮೆಲ್ಲಗೆ ಮಾತಾಡುತ್ತಾರೆ, ನಾವು ಹತ್ತು ಮಾರು ದೂರವಿದ್ದರೂ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಈಗ ಒಳಗೆ ಹೋಗೋಣ.

ಪೋಪ್ ಮನೆಯ ಮ್ಯೂಸಿಯಂ ಅಂದರೆ ಯೇಸು, ಮೇರಿಯಮ್ಮ, ಸಂತರು ಇರುತ್ತಾರೆ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಮೊದಲು ಎದುರಾಗುವವರು ಗ್ರೀಕ್ ದೇವತೆಗಳು. ಆ ಸಂಗ್ರಹ ಶುರುವಾದ ಕಥೆಯೇ ಹಾಗಿದೆ. 1506ರ ಜನವರಿಯಲ್ಲಿ ರೋಮ್‌ನ ಒಂದು ದ್ರಾಕ್ಷಿ ತೋಟದಲ್ಲಿ ನೆಲ ಅಗೆಯುವಾಗ ಅಮೃತಶಿಲೆಯ ಒಂದು ದೊಡ್ಡ ಶಿಲ್ಪ ಸಿಕ್ಕಿತು. ಆಗಿನ ಪೋಪ್ ಎರಡನೇ ಜೂಲಿಯಸ್. ಸುದ್ದಿ ಕೇಳಿ ನೋಡಿಬರಲು ಜನ ಕಳಿಸಿದರು. ಹೋದವರಲ್ಲಿ ಹೆಸರಾಂತ ಶಿಲ್ಪಿ ಮೈಕೆಲ್ಯಾಂಜೆಲೊ ಕೂಡ ಇದ್ದ. ಸಿಕ್ಕಿದ್ದು ಲಾಕೂನ್ ಎಂಬ ಪುರೋಹಿತನ ಶಿಲ್ಪ. ಟ್ರಾಯ್ ಊರಿನ ಜನರಿಗೆ, ಶತ್ರುಗಳು ಅಡಗಿದ್ದ ಮರದ ಕುದುರೆಯನ್ನು ಒಳಗೆ ತರಬೇಡಿ ಅಂತ ಎಚ್ಚರಿಸಿದವನು ಅವನು. ಸಮುದ್ರದಿಂದ ಎರಡು ಹಾವು ಬಂದು ಅವನನ್ನೂ ಇಬ್ಬರು ಮಕ್ಕಳನ್ನೂ ಸುತ್ತಿಕೊಂಡವು. ಸರಿಯಾದ ಮಾತು ಹೇಳಿದವನಿಗೆ ಸಿಕ್ಕಿದ ಶಿಕ್ಷೆ. ಆ ಮುಖ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಶಿಲ್ಪಕ್ಕೆ ಬಲಗೈ ಇರಲಿಲ್ಲ. ಕೈ ಮೇಲಕ್ಕೆ ಚಾಚಿತ್ತೇ, ಹಿಂದಕ್ಕೆ ಮಡಚಿತ್ತೇ ಅಂತ ವಾದ ನಡೆಯಿತು. ಮಡಚಿತ್ತು ಅಂತ ಮೈಕೆಲ್ಯಾಂಜೆಲೊ ಹೇಳಿದ್ದ ಅನ್ನುವ ಮಾತಿದೆ. ಕೊನೆಗೆ ಚಾಚಿದ ಕೈಯನ್ನೇ ಮಾಡಿ ಕೂರಿಸಿದರು. ನೂರಾರು ವರ್ಷ ಜಗತ್ತು ಅದನ್ನೇ ನೋಡಿತು. 1906ರಲ್ಲಿ ಲುಡ್ವಿಗ್ ಪೊಲ್ಲಾಕ್ ಎಂಬ ಪುರಾತತ್ವಜ್ಞನಿಗೆ ರೋಮ್‌ನ ಒಬ್ಬ ಕಲ್ಲುಕುಟಿಗನ ಅಂಗಳದಲ್ಲಿ ಒಂದು ಹಳೆಯ ಅಮೃತಶಿಲೆಯ ತೋಳು ಸಿಕ್ಕಿತು. ಮಡಚಿದ ತೋಳು. ಅದೇ ಲಾಕೂನನ ಕೈ ಅಂತ ಖಾತ್ರಿಯಾಗಿ ಜೋಡಿಸುವ ಹೊತ್ತಿಗೆ 1950ರ ದಶಕ ಮುಗಿಯುತ್ತಾ ಬಂದಿತ್ತು. ಗೈಡ್ ನಮ್ಮನ್ನು ಬಲಪಕ್ಕಕ್ಕೆ ಕರೆದುಕೊಂಡು ಹೋಗಿ ಭುಜದ ಹತ್ತಿರದ ಬೆಸುಗೆ ತೋರಿಸಿದರು. ಈ ಮಡಚಿದ ಕೈ ನೋಡಿದ ಮೇಲೆ ಇಡೀ ಮೈಯ ನೋವು ಬೇರೆಯೇ ಆಗಿ ಕಾಣುತ್ತದೆ. ಕೈ ಚಾಚಿದ್ದರೆ ಅವನು ಹೋರಾಡುವವನು. ಮಡಚಿದಾಗ ಸೋಲುತ್ತಿರುವವನು.

ಮುಂದಿನ ಕೋಣೆಯೊಂದರ ನಡುವೆ ಇನ್ನೊಂದು ಶಿಲ್ಪವಿದೆ. ಅದರ ಎದುರು ನಾನು ತುಂಬಾ ಹೊತ್ತು ನಿಂತೆ. ತಲೆಯಿಲ್ಲ, ತೋಳಿಲ್ಲ, ಮೊಣಕಾಲಿನ ಕೆಳಗೆ ಏನೂ ಇಲ್ಲ. ಬಂಡೆಯ ಮೇಲೆ ಪ್ರಾಣಿಯ ಚರ್ಮ ಹಾಸಿಕೊಂಡು ಕೂತ ಬರೀ ಒಂದು ಮೈ. ಬೆನ್ನು ಸ್ವಲ್ಪ ತಿರುಚಿದೆ, ಹೊಟ್ಟೆಯ ಸ್ನಾಯುಗಳು ಒಂದರ ಮೇಲೊಂದು ಮಡಿಕೆಯಾಗಿವೆ. ಅಥೆನ್ಸಿನ ಅಪೊಲೋನಿಯಸ್, ನೆಸ್ಟರನ ಮಗ, ಮಾಡಿದ್ದು ಅಂತ ಬಂಡೆಯ ಮೇಲೆ ಗ್ರೀಕ್ ಅಕ್ಷರದಲ್ಲಿ ಕೆತ್ತಿದೆ. ಇದನ್ನು ಪೂರ್ತಿ ಮಾಡಿಕೊಡು ಅಂತ ಪೋಪ್ ಕೇಳಿದಾಗ ಮೈಕೆಲ್ಯಾಂಜೆಲೊ ಒಪ್ಪಲಿಲ್ಲ ಅನ್ನುವ ಕಥೆ ಇದೆ. ಅದು ನಿಜವೋ ಕಟ್ಟುಕಥೆಯೋ, ಶಿಲ್ಪವನ್ನು ಮುರಿದ ಹಾಗೇ ಉಳಿಸಿಕೊಂಡರು. ಮೈಕೆಲ್ಯಾಂಜೆಲೊ ಆಮೇಲೆ ಬರೆದ ಎಷ್ಟೋ ಮೈಗಳಲ್ಲಿ ಈ ಬೆನ್ನು, ಈ ತಿರುವು ಕಾಣಿಸುತ್ತದೆ.

ನಮ್ಮಲ್ಲಿ ಮುಕ್ಕಾದ ಮೂರ್ತಿಗೆ ಪೂಜೆಯಿಲ್ಲ. ನೀರಿಗೆ ಬಿಡುತ್ತೇವೆ, ಇಲ್ಲ ಗುಡಿಯ ಹಿಂದಿನ ಅಶ್ವತ್ಥಕಟ್ಟೆಗೆ ಒರಗಿಸಿ ಇಡುತ್ತೇವೆ. ಪೂಜೆಯ ಲೆಕ್ಕದಲ್ಲಿ ಅದು ಸರಿಯೇ ಇರಬಹುದು, ಅದರ ಬಗ್ಗೆ ನಾನು ತಕರಾರು ಮಾಡುವುದಿಲ್ಲ. ಆದರೆ ಪೂಜೆ ನಿಂತ ಮೇಲೂ ಆ ಕಲ್ಲಿನಲ್ಲಿ ಶಿಲ್ಪಿಯ ಕೆಲಸ ಇದ್ದೇ ಇರುತ್ತದೆ. ನಮ್ಮ ತಾಲ್ಲೂಕಿನಲ್ಲಿ ಗದ್ದೆ ಬದುವಿನಲ್ಲಿ, ಕಾಡಿನಂಚಿನಲ್ಲಿ ಎಷ್ಟು ವೀರಗಲ್ಲು, ಮಾಸ್ತಿಕಲ್ಲು ಮಳೆಗೆ ನೆನೆಯುತ್ತಾ ಬಿದ್ದಿವೆ ನೋಡಿ. ಬನವಾಸಿಗೆ ಹೋದವರು ಮಧುಕೇಶ್ವರನಿಗೆ ಕೈ ಮುಗಿಯುತ್ತಾರೆ, ಕಲ್ಲಿನ ಮಂಚದ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಮಂಚದ ಒಂದು ಕಂಬದಲ್ಲಿ ಎಷ್ಟು ಸಣ್ಣ ಕೆತ್ತನೆ ಇದೆ ಅಂತ ಬಗ್ಗಿ ನೋಡುವವರು ಕಡಿಮೆ. ಬಗ್ಗಿ ನೋಡಿ ಅಂತ ಹೇಳುವವರೂ ಅಲ್ಲಿ ಬೇಕಲ್ಲ.

ನಕ್ಷೆಗಳ ಗ್ಯಾಲರಿ ಬಗ್ಗೆ ಚುಟುಕಾಗಿ ಹೇಳುತ್ತೇನೆ. 120 ಮೀಟರ್ ಉದ್ದದ ಓಣಿ, ಎರಡೂ ಗೋಡೆಯಲ್ಲಿ ಒಟ್ಟು 40 ನಕ್ಷೆ. ಇಗ್ನಾಜಿಯೊ ದಾಂತಿ ಎಂಬ ಪಾದ್ರಿ, ಗಣಿತ ಬಲ್ಲವನು, 1580ರ ಸುಮಾರಿಗೆ ಇಟಲಿಯ ಒಂದೊಂದು ಪ್ರಾಂತವನ್ನೂ ಬರೆಸಿದ. ಸಮುದ್ರದ ನೀಲಿ ನೋಡುವ ಹಾಗಿದೆ. ರಾಫೆಲ್ ಎಂಬ ಚಿತ್ರಕಾರನ ಹೆಸರಿನ ಕೋಣೆಗಳಲ್ಲಿ ಪ್ಲೇಟೊ, ಅರಿಸ್ಟಾಟಲ್ ಮೊದಲಾದ ತತ್ವಜ್ಞಾನಿಗಳು ಸೇರಿದ ದೊಡ್ಡ ಚಿತ್ರವಿದೆ. ಅಲ್ಲಿ ಜನ ಎಷ್ಟಿದ್ದರೆಂದರೆ ಪ್ಲೇಟೊ ಕಾಲಿನವರೆಗೆ ನೋಡಲಾಗಲಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಸಿಸ್ಟೀನ್ ಚಾಪೆಲ್ ಒಳಗೆ ಗೈಡ್ ಮಾತಾಡುವ ಹಾಗಿಲ್ಲ. ಅದು ಈಗಲೂ ಪ್ರಾರ್ಥನಾ ಮಂದಿರ. ಹೊಸ ಪೋಪ್ ಆಯ್ಕೆ ನಡೆಯುವುದೂ ಅಲ್ಲೇ, 2025ರ ಮೇ ತಿಂಗಳಲ್ಲಿ ಹದಿನಾಲ್ಕನೇ ಲಿಯೊ ಅವರ ಆಯ್ಕೆಯಾದದ್ದು ಅಲ್ಲಿಯೇ. ಅದಕ್ಕಾಗಿ ಗೈಡ್‌ಗಳು ಹೇಳುವುದನ್ನೆಲ್ಲ ಹೊರಗೆ ಒಂದು ಅಂಗಳದಲ್ಲಿ ಮೊದಲೇ ಹೇಳಿ ಮುಗಿಸುತ್ತಾರೆ. ರೋಮನ್ನರ ಕಾಲದ, ಆಳೆತ್ತರ ಮೀರಿದ ಕಂಚಿನ ಪೈನ್ ಕಾಯಿಯೊಂದು ಆ ಅಂಗಳದಲ್ಲಿದೆ. ಚಾಪೆಲ್‌ನ ಚಿತ್ರಗಳನ್ನು ಮುದ್ರಿಸಿದ ಬೋರ್ಡುಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ನಮ್ಮ ಗೈಡ್ ಬೋರ್ಡಿನ ಎದುರು ನಿಂತು ಬೈಬಲ್ಲಿನ ಕಥೆ ಚುಟುಕಾಗಿ ಹೇಳಿದರು. ಆಮೇಲೆ ಸುಣ್ಣದ ಬಗ್ಗೆ ಮಾತು ಶುರು ಮಾಡಿದರು. ನನ್ನ ಕಿವಿ ನೆಟ್ಟಗಾಯಿತು.

ಆ ಚಾವಣಿಯ ಚಿತ್ರಗಳಿಗೆ ಫ್ರೆಸ್ಕೊ ಅನ್ನುತ್ತಾರೆ. ಸುಣ್ಣದ ಗಾರೆ ಹಸಿ ಇರುವಾಗಲೇ ಬರೀ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಅಂಟು ಬೇಡ, ಎಣ್ಣೆ ಬೇಡ. ಗಾರೆ ಒಣಗುತ್ತಾ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಸಮಯ ಕಡಿಮೆ. ಬೆಳಿಗ್ಗೆ ಎಷ್ಟು ಜಾಗಕ್ಕೆ ಗಾರೆ ಮೆತ್ತಿದರೋ ಅಷ್ಟನ್ನು ಗಾರೆ ಒಣಗುವುದರೊಳಗೆ ಬರೆದು ಮುಗಿಸಬೇಕು. ಉಳಿದರೆ ಆ ಗಾರೆಯನ್ನು ಕೆತ್ತಿ ತೆಗೆದು ಮತ್ತೆ ಹಾಕಬೇಕು. ಚಿತ್ರವನ್ನು ಮೊದಲು ಕಾಗದದ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಮಾಡಿ, ಗಾರೆಗೆ ಹಿಡಿದು ಇದ್ದಿಲ ಪುಡಿ ತಟ್ಟುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ತೂತಿನ ತಗಡಿನಿಂದ ರಂಗೋಲಿ ಹಾಕುತ್ತಾರಲ್ಲ, ಅದೇ ಕೆಲಸ.

ಮೈಕೆಲ್ಯಾಂಜೆಲೊ ತನ್ನನ್ನು ಕಲ್ಲಿನ ಶಿಲ್ಪಿ ಅಂತಲೇ ತಿಳಿದವನು. 1508ರಲ್ಲಿ ಪೋಪ್ ಒತ್ತಾಯಕ್ಕೆ ಈ ಕೆಲಸ ಹಿಡಿದ. 40 ಮೀಟರ್ ಉದ್ದ, 13 ಮೀಟರ್ ಅಗಲದ ಕೋಣೆ, ನೆಲದಿಂದ 20 ಮೀಟರ್ ಮೇಲೆ ಚಾವಣಿ. ಗೋಡೆಯಿಂದಲೇ ಚಾಚಿ ನಿಲ್ಲುವ ಅಟ್ಟಣಿಗೆಯನ್ನು ತಾನೇ ಲೆಕ್ಕ ಹಾಕಿ ಕಟ್ಟಿಸಿದ. ಕೆಳಗೆ ಪೂಜೆ ನಡೆಯಬೇಕಿತ್ತಲ್ಲ. ಅವನು ಅಂಗಾತ ಮಲಗಿ ಬರೆದ ಅಂತ ಬಹಳ ಕಡೆ ಹೇಳುತ್ತಾರೆ. ಅವನು ನಿಂತೇ ಬರೆದದ್ದು, ಕತ್ತು ಹಿಂದಕ್ಕೆ ಬಗ್ಗಿಸಿ. ಗಡ್ಡ ಆಕಾಶ ನೋಡುತ್ತಿದೆ, ಬಣ್ಣ ಮುಖದ ಮೇಲೆ ತೊಟ್ಟಿಕ್ಕುತ್ತಿದೆ ಅಂತ ಗೆಳೆಯನಿಗೊಂದು ಪದ್ಯವನ್ನೇ ಬರೆದಿದ್ದಾನೆ.

ಆ ಮೇಲೆ ಬಂತು ನನಗೆ ತುಂಬಾ ಹಿಡಿಸಿದ ಸಂಗತಿ. ಬೈಬಲ್ಲಿನ ಮಹಾಪ್ರಳಯದ ಚಿತ್ರ ಬರೆಯುವಾಗ ಗಾರೆಗೆ ಬೂಷ್ಟು ಬಂತು. ಮೈಕೆಲ್ಯಾಂಜೆಲೊ ಹತಾಶನಾಗಿ ಪೋಪ್ ಬಳಿ ಹೋಗಿ, ಇದು ನನ್ನ ಕಸುಬಲ್ಲ ಅಂತ ಮೊದಲೇ ಹೇಳಿದ್ದೆ, ಕೆಲಸ ಹಾಳಾಯಿತು ಅಂದ. ಪೋಪ್ ಜೂಲಿಯಾನೊ ದ ಸಂಗಾಲೊ ಎಂಬ ವಾಸ್ತುಶಿಲ್ಪಿಯನ್ನು ಕಳಿಸಿದರು. ಅವನು ನೋಡಿ, ಗಾರೆಗೆ ನೀರು ಜಾಸ್ತಿಯಾಗಿದೆ, ಇಷ್ಟೇ, ಅಂದ. ಸರಿಮಾಡುವ ಬಗೆ ಹೇಳಿಕೊಟ್ಟ. ಕೆಲಸ ಮುಂದೆ ಹೋಯಿತು. ಮೈಕೆಲ್ಯಾಂಜೆಲೊ ಬದುಕಿದ್ದಾಗಲೇ ಅವನ ಜೀವನ ಬರೆದವರು ದಾಖಲಿಸಿದ ಕಥೆ ಇದು. ಜಗತ್ತಿನ ಅಷ್ಟು ದೊಡ್ಡ ಕಲೆ ನಿಂತದ್ದು ಗಾರೆಗೆ ಎಷ್ಟು ನೀರು ಅನ್ನುವ ಲೆಕ್ಕದ ಮೇಲೆ.

ನೀರು, ಸುಣ್ಣ, ಹಸಿ ಗೋಡೆ. ಇದು ನಮ್ಮ ಕಾವಿ ಕಲೆ ಅಲ್ವಾ?

ಇಲ್ಲಿರುವ ಎಳೆಯರಿಗಾಗಿ ಹೇಳುತ್ತೇನೆ. ಗೋವಾದಿಂದ ನಮ್ಮ ಕಾರವಾರ, ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರದವರೆಗೆ ಗುಡಿಗಳ ಗೋಡೆಯಲ್ಲಿ, ಕೆಲವು ಹಳೆ ಮನೆಗಳಲ್ಲಿ ಬಿಳಿ ಮೇಲೆ ಕೆಂಪು ಚಿತ್ರ ಕಾಣುತ್ತಿತ್ತು. ಘಟ್ಟ ಹತ್ತಿ ಬಂದು ನಮ್ಮ ಮಾರಿಕಾಂಬೆ ಗುಡಿಯಲ್ಲೂ ಇದೆ. ಗುಡಿ ಕಟ್ಟಿದ್ದು 1688ರಲ್ಲಿ ಅನ್ನುತ್ತಾರೆ. ಆ ಚಿತ್ರವನ್ನು ಕುಂಚದಿಂದ ಬರೆಯುತ್ತಿರಲಿಲ್ಲ. ಅಳಿವೆಯ ಚಿಪ್ಪಿ ಸುಟ್ಟು ಸುಣ್ಣ ಮಾಡುವುದು. ಮರಳು, ಬೆಲ್ಲದ ನೀರು ಸೇರಿಸಿ ದಿನಗಟ್ಟಲೆ ಕೊಳೆಹಾಕಿ, ಕುಟ್ಟಿ ಹದ ಮಾಡಿ ಗೋಡೆಗೆ ಮೆತ್ತುವುದು. ಅದರ ಮೇಲೆ ಹುರುಮಂಜಿ ಎಂಬ ಕೆಂಪು ಮಣ್ಣು ಸೇರಿಸಿದ ಕೆಂಪು ಗಾರೆಯ ತೆಳು ಪದರ. ಅದು ಹಸಿ ಇರುವಾಗಲೇ ಚೂಪಾದ ಉಕ್ಕಿನ ಕಡ್ಡಿ, ಕೈವಾರ ಹಿಡಿದು ಬೇಡದ ಕೆಂಪನ್ನು ಕೆರೆದು ತೆಗೆಯುವುದು. ಕೆಳಗಿನ ಬಿಳಿ ಹೊರಗೆ ಬರುತ್ತದೆ, ಉಳಿದ ಕೆಂಪೇ ಚಿತ್ರ. ರೋಮ್‌ನವನು ಬಣ್ಣ ಸೇರಿಸುತ್ತಾ ಹೋದ, ನಮ್ಮವನು ತೆಗೆಯುತ್ತಾ ಹೋದ. ಇಬ್ಬರಿಗೂ ಇದ್ದದ್ದು ಅದೇ ಅವಸರ. ಗೋಡೆ ಒಣಗುವ ಮೊದಲು ಕೈ ಮುಗಿಸಬೇಕು, ತಪ್ಪಿದರೆ ಗಾರೆ ಕೆತ್ತಿ ತೆಗೆಯದೆ ತಿದ್ದಲು ದಾರಿಯಿಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಆ ಗೋಡೆ ನಿಂತಿತು ಅಂದರೆ ಆ ಹದ ಎಂಥದ್ದಿರಬೇಕು.

ಈ ತಿಳಿವಳಿಕೆ ಇಟ್ಟುಕೊಂಡು ನಾನು ಸಿಸ್ಟೀನ್ ಚಾಪೆಲ್ ಒಳಗೆ ಹೋದೆ.

ಬೆಳಕು ಮಂದ. ನೂರಾರು ಜನ ಕತ್ತೆತ್ತಿ ನಿಂತಿದ್ದಾರೆ. ಗದ್ದಲ ಏರಿದಾಗಲೆಲ್ಲ ಕಾವಲಿನವರು 'ಸಿಲೆನ್ಸಿಯೊ' ಅಂತ ಗದರುತ್ತಾರೆ. ಫೋಟೋ ತೆಗೆಯುವ ಹಾಗಿಲ್ಲ. ಎಲ್ಲರ ಕಣ್ಣು ದೇವರ ಬೆರಳು ಆದಾಮನ ಬೆರಳಿನತ್ತ ಚಾಚಿದ ಚಿತ್ರಕ್ಕೇ ಹೋಗುತ್ತದೆ. ನಾನು ಮೊದಲು ಹುಡುಕಿದ್ದು ಪ್ರಳಯದ ಚಿತ್ರವನ್ನು. ಅದರಲ್ಲಿ ಜನ ತುಂಬಿದ್ದಾರೆ, ಆಕಾರಗಳು ಸಣ್ಣವು. ಗಂಟು ಹೊತ್ತವರು, ಮಕ್ಕಳನ್ನು ಅಪ್ಪಿದವರು ಗುಡ್ಡ ಹತ್ತುತ್ತಿದ್ದಾರೆ. ಕೆಳಗಿನಿಂದ ಸರಿಯಾಗಿ ಕಾಣುವುದಿಲ್ಲ. ಮೈಕೆಲ್ಯಾಂಜೆಲೊ ಬಾಗಿಲ ಕಡೆಯಿಂದ ಶುರುಮಾಡಿ ಬಲಿಪೀಠದ ಕಡೆಗೆ ಬರೆಯುತ್ತಾ ಬಂದ. ಅರ್ಧ ಕೆಲಸ ಮುಗಿದು ಅಟ್ಟಣಿಗೆ ತೆಗೆದಾಗ ನೆಲದ ಮೇಲೆ ನಿಂತು ನೋಡಿದ. ಅಲ್ಲಿಂದಾಚೆ ಜನ ಕಡಿಮೆಯಾದರು, ಮೈ ದೊಡ್ಡದಾಯಿತು. ತಲೆ ಮೇಲೆತ್ತಿ ಬಾಗಿಲಿನಿಂದ ಬಲಿಪೀಠದವರೆಗೆ ನಡೆದರೆ ಒಬ್ಬ ಮನುಷ್ಯ ನಾಲ್ಕು ವರ್ಷದಲ್ಲಿ ಕಲಿತದ್ದು ಕಣ್ಣಿಗೆ ಕಾಣುತ್ತದೆ. 1512ರಲ್ಲಿ ಮುಗಿಸಿದ. ಬಲಿಪೀಠದ ಹಿಂದಿನ 'ಕೊನೆಯ ತೀರ್ಪು' ಬರೆದದ್ದು ಆಮೇಲೆ, 1536ರಿಂದ 1541. ಅದರಲ್ಲಿ ಸಂತ ಬಾರ್ಥಲೋಮ್ಯೊ ಸುಲಿದ ಚರ್ಮವೊಂದನ್ನು ಹಿಡಿದಿದ್ದಾನೆ. ಆ ಜೋಲುಬಿದ್ದ ಚರ್ಮದ ಮುಖ ಮೈಕೆಲ್ಯಾಂಜೆಲೊನದ್ದೇ ಅಂತ ಬಹಳ ಜನ ಹೇಳುತ್ತಾರೆ. ದೇವರ ಎದುರು ತನ್ನನ್ನು ತಾನು ಹಾಗೆ ಬರೆದುಕೊಳ್ಳಲು ಎಂಥ ಭಕ್ತಿ ಬೇಕು, ಎಂಥ ಭಯ ಬೇಕು.

ಗೈಡ್ ಅಂಗಳದಲ್ಲೇ ಇನ್ನೊಂದು ಗುರುತು ಹೇಳಿಕೊಟ್ಟಿದ್ದರು. ಚಾವಣಿಯಲ್ಲಿ ಅಲ್ಲಲ್ಲಿ ಸಣ್ಣ ಕಪ್ಪು ತುಂಡುಗಳಿವೆ, ಹುಡುಕಿ ಅಂತ. ಸಿಕ್ಕಿದವು. ಮೇಣದ ಬತ್ತಿಯ ಹೊಗೆ, ಹಳೆಯ ಅಂಟು ಸೇರಿ ಚಿತ್ರಗಳೆಲ್ಲ ಶತಮಾನಗಳಿಂದ ಕಪ್ಪಾಗಿದ್ದವು. 1980ರಿಂದ 1994ರವರೆಗೆ ಅದನ್ನೆಲ್ಲ ತೊಳೆದರು. ಜಪಾನಿನ ಒಂದು ಟಿವಿ ಕಂಪನಿ ಹಣ ಕೊಟ್ಟಿತು. ಒಳಗಿನಿಂದ ಹಸಿರು, ಕಿತ್ತಳೆ, ನೇರಳೆ ಬಣ್ಣ ಹೊಳೆಯುತ್ತಾ ಬಂದಾಗ ಕೆಲವರು ಖುಷಿಪಟ್ಟರು. ಮೈಕೆಲ್ಯಾಂಜೆಲೊ ಒಣಗಿದ ಮೇಲೆ ಹಚ್ಚಿದ ನೆರಳನ್ನೂ ತೊಳೆದುಬಿಟ್ಟಿರಿ ಅಂತ ಕೆಲವರು ಸಿಟ್ಟಾದರು. ಮೊದಲು ಹೇಗಿತ್ತು ಅಂತ ಮುಂದಿನವರಿಗೆ ತಿಳಿಯಲಿ ಅಂತ ಆ ಕಪ್ಪು ತುಂಡುಗಳನ್ನು ಮುಟ್ಟದೆ ಬಿಟ್ಟಿದ್ದಾರೆ.

ಅದನ್ನು ನೋಡುವಾಗ ನನಗೆ ನಿಜವಾಗಿ ಬೇಜಾರಾಯಿತು. ನಮ್ಮ ಕರಾವಳಿಯ ಎಷ್ಟೋ ಗುಡಿಗಳಲ್ಲಿ ಜೀರ್ಣೋದ್ಧಾರ ಅಂದರೆ ಹಳೆ ಗೋಡೆ ಒಡೆದು ಟೈಲ್ಸ್ ಹಾಕುವುದು, ಇಲ್ಲ ಕಾವಿ ಮೇಲೆ ಎನಾಮೆಲ್ ಪೇಂಟ್ ಬಳಿಯುವುದು. ಮಾಡುವವರಿಗೆ ಭಕ್ತಿ ಇದೆ, ದುಡ್ಡು ಒಟ್ಟು ಮಾಡಿ ಪ್ರೀತಿಯಿಂದಲೇ ಮಾಡುತ್ತಾರೆ. ಆ ಗೋಡೆಯಲ್ಲಿ ಏನಿದೆ ಅಂತ ಅವರಿಗೆ ಹೇಳಿದವರಿಲ್ಲ. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು ವಿಜ್ಞಾನಿ. ಅವರು ಊರೂರು ತಿರುಗಿ ಕಾವಿ ಚಿತ್ರಗಳ ಫೋಟೋ ತೆಗೆದು ಬರೆದಿಟ್ಟಿದ್ದರಿಂದ ಎಷ್ಟೋ ಸಂಗತಿ ನಮಗೆ ಉಳಿದಿದೆ. ಒಬ್ಬರೇ ಅಷ್ಟು ಮಾಡಿದರು. ನಮ್ಮ ಶಾಲೆಗಳು ಮಕ್ಕಳನ್ನು ಮೈಸೂರು, ಹಂಪಿ ಅಂತ ಪ್ರವಾಸ ಕರೆದೊಯ್ಯುತ್ತವೆ. ಒಂದು ಶನಿವಾರ ಮಧ್ಯಾಹ್ನ ಮಾರಿಗುಡಿಯ ಗೋಡೆ ಎದುರು ಮಕ್ಕಳನ್ನು ನಿಲ್ಲಿಸಿ, ಚಿಪ್ಪಿ ಸುಣ್ಣ ಕೈಗೆ ಕೊಟ್ಟು, ಒಂದು ಹಲಗೆಯ ಮೇಲೆ ಗಾರೆ ಮೆತ್ತಿ ಕೆರೆಯಲು ಬಿಡಬಹುದು. ಕೆಂಪು ಮಣ್ಣಿಗೆ, ಸುಣ್ಣಕ್ಕೆ ಏನು ಖರ್ಚು ಹೇಳಿ. ಹದ ಗೊತ್ತಿರುವ ಹಳೆ ಗೌಂಡಿಗಳು ಇನ್ನೂ ಇದ್ದರೆ ಅವರನ್ನು ಈಗಲೇ ಹುಡುಕಬೇಕು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ವಯಸ್ಸಾದವರಿಗೆ ಆಗುತ್ತದಾ ಅಂತ ಒಬ್ಬ ಅಮ್ಮ ಕೇಳಿದರು. ನಡಿಗೆ ಜಾಸ್ತಿ, ಮೆಟ್ಟಿಲೂ ಇವೆ. ಗಾಲಿಕುರ್ಚಿಯ ವ್ಯವಸ್ಥೆ ಇದೆ, ಕೇಳಿ ಪಡೆಯಿರಿ. ಸಿಸ್ಟೀನ್ ಚಾಪೆಲ್‌ನಲ್ಲಿ ಗೋಡೆಗುಂಟ ಕೂರುವ ಜಾಗವಿದೆ, ಅಲ್ಲಿ ಕೂತು ನೋಡಿದರೆ ಕತ್ತಿಗೂ ಹಿತ.

ಬೇರೆ ಧರ್ಮದ ದೇವರನ್ನು ನೋಡುವಾಗ ಹೊರಗಿನವರು ಅನ್ನಿಸಲಿಲ್ಲವೇ ಅಂತ ಒಬ್ಬ ಹುಡುಗ ಕೇಳಿದ. ಸುಣ್ಣದ ಮಾತು ಬರುವವರೆಗೆ ಸ್ವಲ್ಪ ಹಾಗೆ ಅನ್ನಿಸುತ್ತಿತ್ತು. ಆಮೇಲೆ ಇಲ್ಲ.

ರೋಮ್‌ಗೆ ಹೋಗಲಾಗದವರು ಏನು ಮಾಡಬೇಕು? ಇದು ಕಾರವಾರದಿಂದ ಬಂದಿದ್ದ ಒಬ್ಬರ ಪ್ರಶ್ನೆ. ಅವರಿಗೆ ಹೇಳಿದೆ, ನಿಮ್ಮ ಪಕ್ಕದಲ್ಲೇ ಇದೆ ನೋಡಿ. ಹಳೆ ಗೋವಾದ ಸಾಂತಾ ಮೋನಿಕಾ ಕಾನ್ವೆಂಟಿನಲ್ಲಿ ಕ್ರೈಸ್ತ ಕಲೆಯ ಮ್ಯೂಸಿಯಂ ಇದೆ. 1994ರಲ್ಲಿ ರಾಚೋಲ್ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಲ್ಲಿ, ಶುರುವಾಗಿ 2002ರಲ್ಲಿ ಈ ಕಾನ್ವೆಂಟಿಗೆ ಬಂತು. ಬೆಳಿಗ್ಗೆ ಕಾರವಾರ ಬಿಟ್ಟರೆ ನೋಡಿಕೊಂಡು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಬೆಳ್ಳಿ, ದಂತ, ಮರದ ಕೆಲಸ, ಕಸೂತಿ ಎಲ್ಲ ಇದೆ. ಪೋರ್ಚುಗೀಸರ ಚರ್ಚುಗಳಿಗೆ ಈ ಕೆಲಸ ಮಾಡಿದವರಲ್ಲಿ ಬಹಳಷ್ಟು ಜನ ಇಲ್ಲಿಯ ಕುಶಲಕರ್ಮಿಗಳು. ಗುಡಿಗೂ ಕೆತ್ತುತ್ತಿದ್ದ ಕೈಗಳು. ಗೈಡ್ ಸಿಗದಿದ್ದರೂ ಚಿಂತೆಯಿಲ್ಲ. ದಂತದ ಮೂರ್ತಿಗಳ ಎದುರು ಸ್ವಲ್ಪ ಹೊತ್ತು ನಿಲ್ಲಿ. ಕಣ್ಣಿನ ರೆಪ್ಪೆ, ಗುಂಗುರು ಕೂದಲು, ಬಟ್ಟೆಯ ಮಡಿಕೆ ನೋಡಿ. ಕೆತ್ತಿದವನು ಯಾವ ಊರಿನವನು ಅಂತ ನೀವೇ ಹೇಳುತ್ತೀರಿ.